ಸರ್ವರ್ ಲಾಗ್: ಬಂದುಹೋದವರ ಲೆಕ್ಕ, ಚಿತ್ರ ಎಳೆದವರ ಸುಳಿವು

ವೆಬ್‌ಸೈಟಿಗೆ ಯಾರೇ ಬಂದುಹೋಗಲಿ, ಸರ್ವರ್ ಪ್ರತಿ ಕೋರಿಕೆಯನ್ನೂ ಲಾಗ್ ಎಂಬ ಕಡತದಲ್ಲಿ ಒಂದೊಂದು ಸಾಲಾಗಿ ಬರೆದಿಡುತ್ತದೆ: ಐಪಿ ವಿಳಾಸ, ಹೊತ್ತು, ಕೇಳಿದ ಕಡತ, ಕಳಿಸಿದ ಬೈಟ್‌ಗಳು. 1990ರ ದಶಕದ ಆರಂಭದಲ್ಲಿ ಅಮೆರಿಕದ ಎನ್‌ಸಿಎಸ್‌ಎ ಸರ್ವರ್ ರೂಢಿಗೆ ತಂದ ಈ ಸಾಲಿಗೆ ಆಮೇಲೆ ಎರಡು ವಿವರ ಸೇರಿದವು. ಯಾವ ಪುಟದಿಂದ ಬಂದರು ಎನ್ನುವ ರೆಫರರ್, ಯಾವ ಬ್ರೌಸರಿನಲ್ಲಿ ಬಂದರು ಎನ್ನುವ ಯೂಸರ್ ಏಜೆಂಟ್. ಸೈಟ್ ಮಾಲೀಕರ ಪತ್ತೇದಾರಿಕೆ ಬೆಳೆದದ್ದು ಇವೆರಡರ ಬಲದಿಂದ.

ಅವರ ದೊಡ್ಡ ದೂರು ಹಾಟ್‌ಲಿಂಕಿಂಗ್. ಬೇರೆಯವರ ಸರ್ವರಿನಲ್ಲಿರುವ ಚಿತ್ರದ ವಿಳಾಸವನ್ನಷ್ಟೇ ತಮ್ಮ ಪುಟದಲ್ಲಿ ಕೂರಿಸುವ ಕೆಲಸ ಅದು. ಚಿತ್ರ ಕಾಣುವುದು ಅವರ ಪುಟದಲ್ಲಿ, ಬ್ಯಾಂಡ್‌ವಿಡ್ತ್ ಖರ್ಚು ಇವರ ತಲೆಗೆ. ಲಾಗ್ ತೆರೆದರೆ ಸುಳಿವು ಎದ್ದು ಕಾಣುತ್ತಿತ್ತು: ಪುಟವನ್ನು ಕೇಳದೆ ಚಿತ್ರವನ್ನು ಮಾತ್ರ ಕೇಳಿದ ನೂರಾರು ಸಾಲುಗಳು, ರೆಫರರ್ ಜಾಗದಲ್ಲಿ ಒಂದೇ ಅಪರಿಚಿತ ತಾಣ. ಅಪಾಚೆ ಎಂಬ ಸರ್ವರ್ ತಂತ್ರಾಂಶದಲ್ಲಿ ಮಾಡ್‌ರಿರೈಟ್ ನಿಯಮ ಬರೆದು ಅಂಥವರಿಗೆ ‘ಪ್ರವೇಶವಿಲ್ಲ’ ಎನ್ನುವ 403 ಉತ್ತರವನ್ನೋ ಬೇರೊಂದು ಚಿತ್ರವನ್ನೋ ಕೊಡುವುದು ರೂಢಿಯಾಯಿತು. 2007ರಲ್ಲಿ ಪರ್ಫೆಕ್ಟ್ 10 ಎಂಬ ಕಂಪನಿಯ ಪ್ರಕರಣದಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು, ಚಿತ್ರ ಯಾರ ಸರ್ವರಿನಲ್ಲಿದೆಯೋ ಅವರೇ ಅದನ್ನು ಪ್ರದರ್ಶಿಸುವವರು, ಕೊಂಡಿ ಕೊಟ್ಟವರಲ್ಲ ಎಂಬ ನಿಲುವು ತಳೆಯಿತು. ಕಾನೂನಿನ ಆಸರೆ ಕಡಿಮೆಯಾದಷ್ಟೂ ಲಾಗ್ ಓದುವುದೇ ರಕ್ಷಣೆ.

ಲಾಗಿನಲ್ಲಿ ಕಾಣುವ ವಿಚಿತ್ರ ಅತಿಥಿಗಳಲ್ಲಿ, ತಾವಾಗಿಯೇ ಪುಟ ಕೇಳುತ್ತ ಹೋಗುವ ಪ್ರೋಗ್ರಾಂಗಳಾದ ಬಾಟ್‌ಗಳೇ ಮೊದಲಿಗರು. ಅವುಗಳನ್ನು ಹದ್ದುಬಸ್ತಿನಲ್ಲಿಡಲು ಮಾರ್ಟೈನ್ ಕೋಸ್ಟರ್ 1994ರಲ್ಲಿ ಯಾವ ಪುಟ ಕೇಳಬಾರದೆಂದು ಹೇಳುವ ರೋಬೋಟ್ಸ್ ಕಡತದ ಪದ್ಧತಿ ಸೂಚಿಸಿದರು. ಅದು ಪಾಲಿಸುವವರ ಒಳ್ಳೆಯತನವನ್ನೇ ನಂಬಿದೆ. 2001ರ ಕೋಡ್ ರೆಡ್ ಎಂಬ ಕಂಪ್ಯೂಟರ್ ಹುಳುವಿಗೆ ಅಂಥ ಮರ್ಯಾದೆ ಇರಲಿಲ್ಲ. ಡೀಫಾಲ್ಟ್ ಡಾಟ್ ಐಡಿಎ ಎಂಬ ಕಡತ ಕೇಳಿ, ಹಿಂದೆಯೇ ಎನ್ ಅಕ್ಷರಗಳ ಉದ್ದನೆಯ ಸರಮಾಲೆ ಸುರಿಯುತ್ತಿತ್ತು. ಅದರ ಗುರಿ ಮೈಕ್ರೋಸಾಫ್ಟ್ ಸರ್ವರ್‌ಗಳಾದರೂ, ಏನೂ ಆಗದ ಅಪಾಚೆ ಸರ್ವರ್‌ಗಳ ಲಾಗಿನಲ್ಲೂ ಆ ಸಾಲುಗಳು ತುಂಬಿಕೊಂಡವು.

2005ರಲ್ಲಿ ಗೂಗಲ್ ಅನಲಿಟಿಕ್ಸ್ ಉಚಿತವಾಗಿ ಬಂದಮೇಲೆ ಅನಲಾಗ್, ಎಡಬ್ಲ್ಯೂಸ್ಟಾಟ್ಸ್‌ನಂಥ ಲಾಗ್ ಓದುವ ಸಾಧನಗಳು ಮೂಲೆಗೆ ಸರಿದವು. ನನ್ನ ದೃಷ್ಟಿಯಲ್ಲಿ ಇದು ದೊಡ್ಡ ನಷ್ಟ. ಅನಲಿಟಿಕ್ಸ್ ಎಣಿಸುವುದು ಪುಟದೊಳಗಿನ ಸ್ಕ್ರಿಪ್ಟ್ ಓಡಿದಾಗ ಮಾತ್ರ. ಚಿತ್ರವನ್ನಷ್ಟೇ ಎಳೆದುಕೊಂಡವರು ಅದರ ಲೆಕ್ಕಕ್ಕೇ ಬರುವುದಿಲ್ಲ.

ಲಾಗ್ ಓದುವವರು ಇನ್ನೂ ಏಕೆ ಬೇಕೆಂಬುದಕ್ಕೆ 2021ರ ಫೆಬ್ರುವರಿಯ ಘಟನೆ ಸಾಕ್ಷಿ. ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯದ ಸಿಂಗಪುರ ಡೇಟಾ ಕೇಂದ್ರಕ್ಕೆ ಚಿತ್ರ ಮತ್ತಿತರ ಮಾಧ್ಯಮ ಕಡತಗಳಿಗಾಗಿ ಬರುತ್ತಿದ್ದ ಕೋರಿಕೆಗಳಲ್ಲಿ ಸುಮಾರು ಶೇ. 20 ಒಂದೇ ಆಸ್ಟರ್ ಹೂವಿನ ಚಿತ್ರಕ್ಕೆ! ದಿನಕ್ಕೆ ಸುಮಾರು 9 ಕೋಟಿ ಕೋರಿಕೆಗಳು, ಭಾರತದ ಬೇರೆ ಬೇರೆ ಇಂಟರ್‌ನೆಟ್ ಕಂಪನಿಗಳ ವಿಳಾಸಗಳಿಂದ. 2020ರ ಜೂನ್‌ಗೆ ಮುಂಚೆ ಆ ಚಿತ್ರವನ್ನು ಕೇಳುತ್ತಿದ್ದವರೇ ವಿರಳ. ಹುಡುಕಿದಾಗ ಸಿಕ್ಕಿದ್ದು ನಮ್ಮ ದೇಶದಲ್ಲಿ ಜನಪ್ರಿಯವಾಗಿದ್ದ ಒಂದು ಮೊಬೈಲ್ ಆ್ಯಪ್. ತೆರೆದಾಗಲೆಲ್ಲ ಅದು ಹೂವನ್ನು ಇಳಿಸಿಕೊಳ್ಳುತ್ತಿತ್ತು, ಬಳಕೆದಾರರಿಗೆ ತೋರಿಸುತ್ತಿರಲಿಲ್ಲ.

ಇಂದು ಈ ಕೆಲಸ ಇನ್ನೂ ಕಷ್ಟ. 2020ರಿಂದ ಕ್ರೋಮ್ ಬೇರೆ ತಾಣಕ್ಕೆ ಪೂರ್ತಿ ರೆಫರರ್ ಕಳಿಸದೆ ಡೊಮೇನ್ ಹೆಸರನ್ನಷ್ಟೇ ಹೇಳುತ್ತದೆ. ಬಳಕೆದಾರರ ಖಾಸಗಿತನಕ್ಕೆ ಇದು ಒಳ್ಳೆಯದೇ, ಪತ್ತೆಗೆ ಮಾತ್ರ ಹಿನ್ನಡೆ. ಭಾರತದ ಸೈಬರ್ ಭದ್ರತಾ ಸಂಸ್ಥೆ ಸರ್ಟ್‌-ಇನ್ 2022ರಲ್ಲಿ ಸಂಸ್ಥೆಗಳಿಗೆ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಲು ನಿರ್ದೇಶಿಸಿತು. ಇಟ್ಟದ್ದನ್ನು ಓದುವವರೂ ಬೇಕಲ್ಲ. ಏಕೆಂದರೆ ಈಗ ಎಐ ತರಬೇತಿಗೆ ದತ್ತಾಂಶ ಹೆಕ್ಕುವ ಬಾಟ್‌ಗಳ ಹಾವಳಿ. 2024ರ ಜನವರಿಯಿಂದೀಚೆಗೆ ತನ್ನ ಮಾಧ್ಯಮ ಕಡತಗಳ ಡೌನ್‌ಲೋಡ್ ಬ್ಯಾಂಡ್‌ವಿಡ್ತ್ ಶೇ. 50ರಷ್ಟು ಏರಿತೆಂದೂ, ಅದಕ್ಕೆ ಮುಖ್ಯ ಕಾರಣ ಬಾಟ್‌ಗಳೆಂದೂ ವಿಕಿಮೀಡಿಯ 2025ರಲ್ಲಿ ತಿಳಿಸಿತು. ಅವುಗಳಲ್ಲಿ ಹಲವು ಸಾಮಾನ್ಯ ಬ್ರೌಸರಿನ ಹೆಸರು ಹೇಳಿಕೊಂಡೇ ಬರುತ್ತವೆ. ಹಾಗಾಗಿ ಹೆಸರನ್ನು ಬಿಟ್ಟು ನಡೆಯನ್ನು ನೋಡಬೇಕು: ಎಷ್ಟು ಬೇಗ, ಯಾವ ಕ್ರಮದಲ್ಲಿ, ಯಾವ ಹಳೆಯ ಪುಟಗಳನ್ನು ಕೇಳುತ್ತಿವೆ ಎಂದು.