ನವಜಾತ ಶಿಶು ಘಟಕಗಳಲ್ಲಿ ಸೋಂಕಿನ ಮೂಲಶೋಧ

ನವಜಾತ ಶಿಶುಗಳ ಘಟಕದಲ್ಲಿ ಬ್ಯಾಕ್ಟೀರಿಯಾ ಹಬ್ಬಿದಾಗ ಅದು ಯಾರಿಂದ ಯಾರಿಗೆ ದಾಟಿತೆಂದು ಪತ್ತೆಹಚ್ಚುವ ಕ್ರಮ. ಇಂಗ್ಲೆಂಡಿನ ಕೇಂಬ್ರಿಜ್‌ನ ರೋಸಿ ಆಸ್ಪತ್ರೆಯಲ್ಲಿ 2011ರಲ್ಲಿ ಆರು ತಿಂಗಳ ಅವಧಿಯಲ್ಲಿ 12 ಶಿಶುಗಳಲ್ಲಿ ಎಂಆರ್‌ಎಸ್‌ಎ (ಹಲವು ಪ್ರತಿಜೀವಕಗಳಿಗೆ ಬಗ್ಗದ ಬ್ಯಾಕ್ಟೀರಿಯಾ) ಕಂಡುಬಂದಿತ್ತು. ಮಾಮೂಲಿ ಪರೀಕ್ಷೆಗಳಿಂದ ಆ ಪ್ರಕರಣಗಳ ನಡುವಿನ ಕೊಂಡಿ ಖಚಿತವಾಗಲಿಲ್ಲ. ಸೂಕ್ಷ್ಮಜೀವಿಶಾಸ್ತ್ರಜ್ಞೆ ಶಾರನ್ ಪೀಕಾಕ್ ಮತ್ತು ಸಂಗಡಿಗರು ಬ್ಯಾಕ್ಟೀರಿಯಾದ ಇಡೀ ಜೀನೋಮನ್ನೇ ಓದಿದಾಗ ಒಂದೇ ತಳಿಯ ಜಾಡು ಸಿಕ್ಕಿತು. ಅದು ಆಸ್ಪತ್ರೆಯಾಚೆಗೂ ಹರಡಿತ್ತು. ಸೋಂಕಿದ್ದ ಕೊನೆಯ ಮಗು ಮನೆಗೆ ಹೋಗಿ, ಘಟಕವನ್ನು ತೊಳೆದು ಶುಚಿಗೊಳಿಸಿದ್ದರೂ 64 ದಿನಗಳ ಬಳಿಕ ಇನ್ನೊಂದು ಮಗುವಿನಲ್ಲಿ ಅದೇ ತಳಿ ಕಾಣಿಸಿಕೊಂಡಿತು. 154 ಸಿಬ್ಬಂದಿಯನ್ನು ಪರೀಕ್ಷಿಸಿದಾಗ ಒಬ್ಬರ ಮೈಮೇಲೆ ಅದು ನೆಲೆಸಿದ್ದು ತಿಳಿಯಿತು. ಇಂಥ ವಾಹಕರನ್ನು ತಪ್ಪಿತಸ್ಥರೆನ್ನುವುದು ಅನ್ಯಾಯ. ಬೇಕಾದದ್ದು ಚಿಕಿತ್ಸೆ, ಅಲ್ಲಿ ನಡೆದದ್ದೂ ಅದೇ.