ಎಷ್ಟನೇ ಇಯತ್ತೆ?

ಇಯತ್ತೆ (ನಾ.): ಚಿಕ್ಕೋಡಿ, ನಿಪ್ಪಾಣಿ, ಅಥಣಿ ಕಡೆಯ ಹಳಬರು ತರಗತಿಗೆ ಹೇಳುವ ಮಾತು. ಮೈಸೂರು ಸೀಮೆಗೆ ಇದು ಅಷ್ಟಾಗಿ ಗೊತ್ತಿಲ್ಲ. ಮುಂಬೈ ಪ್ರಾಂತದ ಶಾಲೆಗಳಲ್ಲಿ ಮರಾಠಿಯ ‘ಇಯತ್ತಾ’ ಜೊತೆಗೇ ಬೆಳೆದ ಬಳಕೆ. ಸಂಸ್ಕೃತದ ‘ಇಯತ್’ ಎಂದರೆ ಇಷ್ಟು. ‘ತಾ’ ಸೇರಿದರೆ ಇಷ್ಟೆಂಬುದು, ಅಂದರೆ ಅಳತೆ, ಮಿತಿ. ಇಂಗ್ಲಿಷಿನ ‘ಸ್ಟ್ಯಾಂಡರ್ಡ್’ ಕೂಡ ತರಗತಿಯೂ ಹೌದು, ಮಾನದಂಡವೂ ಹೌದು.

ನಾಲ್ಕನೇ ಇಯತ್ತೆ ಎಂದರೆ ‘ಇಷ್ಟು ಬರುತ್ತದೆ’ ಎಂಬ ಭರವಸೆ. ಇಂದಿನ ಶ್ರೇಣಿ ಈ ‘ಇಷ್ಟ’ನ್ನೇ ಮರೆಮಾಡುತ್ತದೆ. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದಲ್ಲಿ 70 ಪಡೆದವರೂ 89 ಪಡೆದವರೂ ‘ಎ’. ಅಂಕದ ಪೈಪೋಟಿ ತಗ್ಗಲೆಂದೇ ಹೀಗೆ ಎನ್ನುವವರುಂಟು. ಉದ್ದೇಶ ಒಳ್ಳೆಯದೇ, ಆದರೆ ಮೊದಲು ಅಂಕ ಕೂಡಿಸಿ ಆಮೇಲೆ ಅಕ್ಷರವಾಗಿಸಿದರೆ ಪೈಪೋಟಿ ಹೋಗುವುದಿಲ್ಲ, ಮಾಹಿತಿ ಮಾತ್ರ ಹೋಗುತ್ತದೆ. ಮಾದರಿ ಉತ್ತರದ ಅಂಕಸೂಚಿಯದು ಇನ್ನೊಂದು ತೊಡಕು. ಅದಿಲ್ಲದಿದ್ದರೆ ಒಬ್ಬೊಬ್ಬ ಶಿಕ್ಷಕರದು ಒಂದೊಂದು ತಕ್ಕಡಿ ಎಂಬ ಆಕ್ಷೇಪ ನ್ಯಾಯವಾದದ್ದು. ಆದರೂ ಮನೆಯಲ್ಲಿ ಮರಾಠಿ ಆಡುವ ನಿಪ್ಪಾಣಿಯ ಮಗು ತನ್ನದೇ ಕನ್ನಡದಲ್ಲಿ ಸರಿ ಉತ್ತರ ಬರೆದಾಗ, ಸೂಚಿಯ ಪದ ಇಲ್ಲವೆಂದು ಅಂಕ ಕಡಿದರೆ ಅಳೆದದ್ದು ವಿಷಯಜ್ಞಾನವನ್ನಲ್ಲ, ಬಾಯಿಪಾಠವನ್ನು. ರಾಯಬಾಗ, ಕಾಗವಾಡದ ಪಾಲಕರಿಗೆ ಪ್ರಗತಿಪತ್ರದ ‘ಬಿ ಪ್ಲಸ್’ಗಿಂತ ‘ಭಾಗಾಕಾರ ಬರುತ್ತದೆ, ಭಿನ್ನರಾಶಿ ಇನ್ನೂ ಬಂದಿಲ್ಲ’ ಎಂಬ ಒಂದು ಸಾಲು ಹೆಚ್ಚು ಹೇಳೀತು.