ಎಲ್ಲಿ ಅಗೆಯಬೇಕು?

ಗುಡ್ಡ ಕುಸಿದಾಗ, ಕಟ್ಟಡ ಉರುಳಿದಾಗ ರಕ್ಷಣಾ ತಂಡವನ್ನು ಮೊದಲು ಕಾಡುವ ಪ್ರಶ್ನೆ: ಎಲ್ಲಿ ಅಗೆಯಬೇಕು? ಬಹುಕಾಲ ನಾಯಿಯ ಮೂಗು ಮತ್ತು ಊರವರ ನೆನಪೇ ಆಧಾರ. ರೇಡಿಯೊ ಅಲೆ ಈ ಕೆಲಸಕ್ಕೆ ಇಳಿದದ್ದು ಹಿಮಬೆಟ್ಟಗಳಲ್ಲಿ. 1968ರಲ್ಲಿ ಅಮೆರಿಕದ ಜಾನ್ ಲಾಟನ್ 'ಸ್ಕಾಡಿ' ಎಂಬ ಪುಟ್ಟ ಸಾಧನ ರೂಪಿಸಿದರು. ಹಿಮದಡಿ ಹೂತವರ ಮೈಮೇಲಿನ ಸಾಧನ ಸಿಗ್ನಲ್ ಬಿಡುತ್ತದೆ, ಜೊತೆಗಾರರ ಸಾಧನ ಅದನ್ನು ಹಿಡಿಯುತ್ತದೆ. ಸ್ವೀಡನ್ನಿನ 'ರೆಕೊ' ಇನ್ನೂ ಸರಳ. ಬಟ್ಟೆಗೆ ಹೊಲಿದ, ಬ್ಯಾಟರಿಯೇ ಬೇಡದ ಪ್ರತಿಫಲಕ. ಆದರೆ ಇವೆಲ್ಲ ಅಪಾಯ ಗೊತ್ತಿದ್ದು ಹೊರಟವರಿಗೆ. ರಾತ್ರಿ ಮನೆಯಲ್ಲಿ ಮಲಗಿದವರ ಮೈಮೇಲೆ ಇಂಥದ್ದು ಇರುವುದಿಲ್ಲ.

ದಿಂಬಿನ ಪಕ್ಕದಲ್ಲಿ ಮೊಬೈಲ್ ಮಾತ್ರ ಇರುತ್ತದೆ. 2001ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಅವಳಿ ಗೋಪುರಗಳು ಕುಸಿದಾಗ ದೂರಸಂಪರ್ಕ ತಂತ್ರಜ್ಞರು ಒಟ್ಟಾಗಿ ಅವಶೇಷದಡಿಯ ಫೋನ್, ಪೇಜರ್‌ಗಳ ಸಿಗ್ನಲ್‌ಗಾಗಿ ಹುಡುಕಿದರು. ಕರೆ ಮಾಡದಿದ್ದರೂ ಫೋನು ಆಗಾಗ ಟವರಿಗೆ ತನ್ನ ಇರವು ತಿಳಿಸುತ್ತಿರುತ್ತದೆ. ಸಿಗ್ನಲ್ ಬಂದು ಸೇರಲು ಹಿಡಿದ ಸಮಯದಿಂದ ದೂರ ಲೆಕ್ಕ ಹಾಕಬಹುದು. 2ಜಿಯಲ್ಲಿ ಈ ಅಳತೆಯ ಒಂದೊಂದು ಹಂತ ಸುಮಾರು 550 ಮೀಟರ್. 4ಜಿಯಲ್ಲಿ ಅದು ಸುಮಾರು 78 ಮೀಟರಿಗೆ ಇಳಿದಿದೆ. ತೊಡಕು ಬೇರೆಯೇ ಇದೆ. ಒದ್ದೆ ಮಣ್ಣು, ಕಾಂಕ್ರೀಟು ಅಲೆಯನ್ನು ನುಂಗುತ್ತವೆ, ವಿಪತ್ತಿನಲ್ಲಿ ಟವರೇ ಸತ್ತಿರುತ್ತದೆ. ಹಾಗಾಗಿ ಈಗ ಹೆಲಿಕಾಪ್ಟರ್, ಡ್ರೋನ್‌ಗಳಲ್ಲಿ ಪುಟ್ಟ ಟವರನ್ನೇ ಫೋನಿನ ಬಳಿಗೆ ಒಯ್ಯುವ ವ್ಯವಸ್ಥೆಗಳು ಬಂದಿವೆ.

2010ರ ಹೈಟಿ ಭೂಕಂಪ ಇನ್ನೊಂದು ದಾರಿ ತೋರಿಸಿತು. ಅಲ್ಲಿ ಹುಡುಕಿದ್ದು ಒಬ್ಬಿಬ್ಬರನ್ನಲ್ಲ, ಜನಸಮೂಹವನ್ನು. ಸುಮಾರು 19 ಲಕ್ಷ ಸಿಮ್‌ಗಳ ಓಡಾಟ ನೋಡಿದ ಸಂಶೋಧಕರು, ರಾಜಧಾನಿಯಿಂದ 6.3 ಲಕ್ಷ ಜನ ಹೊರಹೋಗಿದ್ದಾರೆಂದು ಅಂದಾಜಿಸಿದರು. ಪರಿಹಾರ ಎತ್ತ ಹೋಗಬೇಕೆಂಬುದಕ್ಕೆ ಇಂಥ ಅಂದಾಜು ಬೇಕೇ ಬೇಕು.

ಫೋನೇ ಇಲ್ಲದವರ ಗತಿ? 2015ರ ನೇಪಾಳ ಭೂಕಂಪದಲ್ಲಿ ನಾಸಾದ 'ಫೈಂಡರ್' ಚೌತಾರಾ ಎಂಬಲ್ಲಿ ಅವಶೇಷದಡಿಯ ಎದೆಬಡಿತ ಗುರುತಿಸಿ ನಾಲ್ವರ ಜೀವ ಉಳಿಸಲು ನೆರವಾಯಿತು. ಸಣ್ಣ ಶಕ್ತಿಯ ಮೈಕ್ರೋವೇವ್ ಹಾಯಿಸಿ, ಮರಳಿ ಬಂದ ಅಲೆಯಲ್ಲಿ ಎದೆಯ ಮಿಡಿತ ಮೂಡಿಸಿದ ಅತಿ ಸಣ್ಣ ವ್ಯತ್ಯಾಸವನ್ನು ಹೆಕ್ಕುವ ಯಂತ್ರ ಅದು. ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಭರವಸೆ ಮೂಡಿಸಿದ ಘಟನೆ ಇದು.

ನಮ್ಮ ಅನುಭವ ಕಹಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಗೆ ಕುಸಿಯಿತು. ಆಗ ಕಾಣೆಯಾದ ಲಾರಿಯೊಂದರ ಜಿಪಿಎಸ್ ಕೊನೆಯದಾಗಿ ತೋರಿಸಿದ್ದು ಕುಸಿತದ ಜಾಗವನ್ನೇ. ದಿನಗಟ್ಟಲೆ ರಸ್ತೆಯ ಮಣ್ಣು ತೆಗೆಯಲಾಯಿತು. ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ರಂದು, ಗಂಗಾವಳಿ ನದಿಯೊಳಗೆ. ಸಿಗ್ನಲ್ ಕೊನೆಗೆ ಎಲ್ಲಿತ್ತೆಂದು ಉಪಕರಣ ಹೇಳಬಲ್ಲದು. ಆಮೇಲೆ ಮಣ್ಣು ಎಲ್ಲಿಗೆ ತಳ್ಳಿತೆಂದು ಹೇಳಲಾರದು. ಅದೇ ಜುಲೈ ಕೊನೆಗೆ ಭೂಕುಸಿತದಲ್ಲಿ ವಯನಾಡಿನ ಮುಂಡಕ್ಕೈ ಕೊಚ್ಚಿಹೋಯಿತು. ಅಲ್ಲಿ ರೇಡಾರ್ ಉಸಿರಾಟದ ಸುಳಿವು ಕೊಟ್ಟ ಮನೆಯಡಿ ಗಂಟೆಗಟ್ಟಲೆ ಹುಡುಕಿದರೂ ಯಾರೂ ಸಿಗಲಿಲ್ಲ.

ಉಪಕರಣಗಳು ಇನ್ನೂ ಸುಧಾರಿಸುತ್ತವೆ. ಅದಕ್ಕಿಂತ ತುರ್ತಾಗಿ ಬೇಕಾದದ್ದು ಟವರ್ ಮಾಹಿತಿ ಮೊದಲ ಗಂಟೆಯಲ್ಲೇ ಅಗೆಯುವವರ ಕೈ ಸೇರುವುದು. ಮಧ್ಯರಾತ್ರಿ ಯಾವ ಕಂಪನಿಯ ಯಾರಿಗೆ ಫೋನ್ ಮಾಡಬೇಕೆಂಬುದು ಪ್ರತಿ ಮಲೆನಾಡು, ಕರಾವಳಿ ಜಿಲ್ಲೆಯ ವಿಪತ್ತು ಯೋಜನೆಯಲ್ಲಿ ಹೆಸರು ಸಮೇತ ಇರಲಿ. ಮುಂಗಾರಿಗೆ ಮುನ್ನ ಒಮ್ಮೆ ಅಣಕು ಕಾರ್ಯಾಚರಣೆ ನಡೆಯಲಿ. ಗುಡ್ಡದ ಬುಡದಲ್ಲಿ ಮನೆಯಿರುವವರು ಮಳೆಯ ರಾತ್ರಿ ಫೋನು ಪೂರ್ತಿ ಚಾರ್ಜ್ ಮಾಡಿ, ದೂರದೂರಿನ ಬಂಧುಗಳೊಬ್ಬರಿಗೆ ಲೈವ್ ಲೊಕೇಶನ್ ಕಳಿಸಿಟ್ಟು ಮಲಗಿ.